ಮೈಸೂರಿನ ಗಾಡಿ, ಹೈದರಾಬಾದಿನ ರಸ್ತೆ

2024ರ ಮೇ ತಿಂಗಳಲ್ಲಿ ಹೈದರಾಬಾದಿನ ಒಂದು ಶೋರೂಮಿಗೆ ಹೊಸ ಮೋಟರ್‌ಸೈಕಲ್ ನೋಡಲು ಹೋಗಿದ್ದೆ. ನನ್ನ ಅರ್ಧ ವಯಸ್ಸಿನ ಹುಡುಗನೊಬ್ಬ ತಂಪು ನೀರಿನ ಬಾಟಲಿ ಕೈಗಿಟ್ಟು, ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಕೇಳಿದ: ‘ಸರ್, ನಿಮಗೆ ಮೈಲೇಜ್ ಬೇಕಾ, ಪಿಕಪ್ ಬೇಕಾ, ಲುಕ್ ಬೇಕಾ?’ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸಂಜೆ ಮನೆಗೆ ಬಂದು ಬೀದರಿನಲ್ಲಿರುವ ಕಾಕಾನಿಗೆ ಫೋನು ಮಾಡಿ ಈ ಮಾತು ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ‘ನಮಗ್ಯಾರೂ ಹಂಗ ಕೇಳಲಿಲ್ಲಪ್ಪ. ನಾವೇ ಅಂಗಡ್ಯಾವಗ ಕೇಳ್ತಿದ್ವಿ, ಗಾಡಿ ಸಿಗ್ತದೇನ್ರೀ ಅಂತ.’

ಈ ಎರಡು ಪ್ರಶ್ನೆಗಳ ನಡುವೆ ನಮ್ಮ ದೇಶದ ದ್ವಿಚಕ್ರ ವಾಹನಗಳ ಇಡೀ ಚರಿತ್ರೆ ಇದೆ ಎಂದು ಆಮೇಲೆ ಅನ್ನಿಸಿತು. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಮೈಸೂರಿನ ಯಾದವಗಿರಿಯಲ್ಲಿ. ನಾನು ಕೊನೆಗೆ ಯಾವ ಗಾಡಿ ಕೊಂಡೆ, ಅದು ಹೇಗೆ ಓಡಿತು ಎಂಬುದನ್ನೂ ಹೇಳುತ್ತೇನೆ. ಆದರೆ ಮೊದಲು ಯಾದವಗಿರಿಗೆ ಹೋಗಿಬರಬೇಕು.

ಕಾಕಾ 1979ರಲ್ಲಿ ಕೊಂಡದ್ದು ಯೆಜ್ಡಿ 250. ಆಗ ಅವರು ಕಾಚಿಗೂಡದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಬೀದರ, ಗುಲ್ಬರ್ಗ, ರಾಯಚೂರು ಮೈಸೂರಿಗೆ ಸೇರಿದಾಗ, ನೌಕರಿ-ವ್ಯಾಪಾರದ ಬೇರು ಇಲ್ಲೇ ಇಳಿದಿದ್ದ ಕನ್ನಡ ಮನೆಗಳು ಇಲ್ಲೇ ಉಳಿದವು. ಕಾಚಿಗೂಡದ ಸುತ್ತ ಅಂಥ ಮನೆಗಳು ಹೆಚ್ಚು. ಕರ್ನಾಟಕ ಸಾಹಿತ್ಯ ಮಂದಿರ ಅಲ್ಲಿದೆ, ನೃಪತುಂಗ ಶಾಲೆ ಅಲ್ಲಿದೆ. ಗಾಡಿ ಮನೆಗೆ ಬಂದ ದಿನ ಅಕ್ಕಪಕ್ಕದವರೆಲ್ಲ ನೋಡಲು ಬಂದರಂತೆ. ಟ್ಯಾಂಕಿನ ಮೇಲೆ ಕೈ ಆಡಿಸಿದ ಹಿರಿಯರೊಬ್ಬರು, ‘ನಮ್ಮ ಕಡೀದು’ ಅಂದರಂತೆ. ಬೀದರಿನವರಿಗೆ ಮೈಸೂರು ‘ನಮ್ಮ ಕಡೆ’ ಆಗಿ ಆಗಿನ್ನೂ 23 ವರ್ಷ. ಅಷ್ಟರಲ್ಲೇ ಒಂದು ಮೋಟರ್‌ಸೈಕಲ್ಲಿನ ಮೇಲೆ ಅವರಿಗೆ ಆ ಹಕ್ಕು ಬಂದುಬಿಟ್ಟಿತ್ತು.

ಆದರೆ ಆ ಗಾಡಿಯ ಹುಟ್ಟು ಮೈಸೂರಿನದಲ್ಲ. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ಉದ್ಯಮಿ, ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿಸಿ ಮೋಟರ್‌ಸೈಕಲ್ಲಿನ ವಿನ್ಯಾಸವನ್ನು ಕೊಂಡು ತಯಾರಿಕೆ ಶುರುಮಾಡಿದ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿದ. ಅದೇ ಜಾವಾ. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡನೇ ಮಹಾಯುದ್ಧದ ನಂತರ ಕಮ್ಯುನಿಸ್ಟ್ ಜೆಕೊಸ್ಲೊವಾಕಿಯಾದ ಸರಕಾರಿ ಕಾರ್ಖಾನೆಗಳಿಂದ ಜಾವಾ ಗಾಡಿಗಳು ಜಗತ್ತಿನ ಹಲವು ದೇಶಗಳಿಗೆ ಹೋದವು. ಮುಂಬಯಿಗೆ ಅವನ್ನು ತರಿಸಿ ಮಾರುತ್ತಿದ್ದವರಲ್ಲಿ ಇರಾನಿ ಕುಟುಂಬದವರು ಮುಖ್ಯರು.

ಐವತ್ತರ ದಶಕದಲ್ಲಿ ಸರಕಾರ ಪೂರ್ತಿ ತಯಾರಾದ ವಾಹನಗಳ ಆಮದಿಗೆ ತಡೆ ಹಾಕಿತು. ವಿದೇಶಿ ವಿನಿಮಯ ಇರಲಿಲ್ಲ. ಬೇಕಿದ್ದರೆ ಇಲ್ಲೇ ಮಾಡಿ ಎಂಬುದು ನೀತಿ. ಆಮದು ವ್ಯಾಪಾರಿಗಳಿಗೆ ಎರಡೇ ದಾರಿ: ಅಂಗಡಿ ಮುಚ್ಚುವುದು ಅಥವಾ ಕಾರ್ಖಾನೆ ಕಟ್ಟುವುದು. ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಕಾರ್ಖಾನೆ ಶುರುವಾಗಿ ಸೈನ್ಯಕ್ಕೆ ಬುಲೆಟ್ ಕೊಡತೊಡಗಿತ್ತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರನ್ನು ಆರಿಸಿಕೊಂಡರು. ಐಡಿಯಲ್ ಜಾವಾ ಕಂಪನಿ ಯಾದವಗಿರಿಯಲ್ಲಿ ಎದ್ದಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬಂದವು. ಮೊದಲು ಜೆಕ್ ಬಿಡಿಭಾಗಗಳನ್ನು ತಂದು ಜೋಡಿಸುತ್ತಿದ್ದರು. ಬರಬರುತ್ತ ಒಂದೊಂದೇ ಭಾಗ ಇಲ್ಲಿನದಾಯಿತು. ಮರುವರ್ಷ ಪೋಲೆಂಡಿನ ವಿನ್ಯಾಸ ಹಿಡಿದು ಎಸ್ಕಾರ್ಟ್ಸ್‌ನವರ ರಾಜ್‌ದೂತ್ ಬಂದಿತು. ಮುಂದಿನ ಇಪ್ಪತ್ತು ವರ್ಷ ಭಾರತದಲ್ಲಿ ಮೋಟರ್‌ಸೈಕಲ್ ಅಂದರೆ ಬಹುಮಟ್ಟಿಗೆ ಈ ಮೂರೇ: ಬುಲೆಟ್, ಜಾವಾ, ರಾಜ್‌ದೂತ್.

ಮೂರರ ಸ್ವಭಾವ ಬೇರೆಬೇರೆ. 350 ಸಿಸಿ ಬುಲೆಟ್ ಭಾರ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಪೊಲೀಸರು, ಮಿಲಿಟರಿಯವರು, ದೊಡ್ಡ ಜಮೀನುದಾರರು ಅದರ ಸವಾರರು. 175 ಸಿಸಿ ರಾಜ್‌ದೂತ್ ಹಾಲಿನ ಕ್ಯಾನು ಹೊರುವ, ಹಳ್ಳಿಯ ಮಣ್ಣುರಸ್ತೆಯ ಗಾಡಿ. ಜಾವಾ ನಡುವಿನದು. 248.5 ಸಿಸಿಯ ಒಂದೇ ಸಿಲಿಂಡರು, ಎರಡು ಸೈಲೆನ್ಸರು, ನಾಲ್ಕು ಗೇರು, ಟೂ-ಸ್ಟ್ರೋಕ್ ಎಂಜಿನ್ನು. ಅದರ ಜಾಣ್ಮೆ ಸಣ್ಣ ಸಣ್ಣ ಸಂಗತಿಗಳಲ್ಲಿತ್ತು. ಚೈನು ಪೂರ್ತಿ ಮುಚ್ಚಿದ ಡಬ್ಬಿಯೊಳಗೆ. ಪಂಚೆ, ಪೈಜಾಮಕ್ಕೆ ಎಣ್ಣೆ ತಗಲುವುದಿಲ್ಲ. ಕಿಕ್ಕರು ಬೇರೆ, ಗೇರ್ ಲಿವರ್ ಬೇರೆ ಎಂಬುದಿಲ್ಲ. ಒಂದೇ ಲಿವರನ್ನು ಮೇಲೆತ್ತಿ ಒದ್ದರೆ ಗಾಡಿ ಶುರು; ಮುಂದಕ್ಕೆ ಮಡಚಿದರೆ ಅದೇ ಗೇರು. ಆ ಲಿವರ್ ಒತ್ತಿದಾಗ ಕ್ಲಚ್ಚು ತಾನೇ ಬಿಡಿಸಿಕೊಳ್ಳುತ್ತಿತ್ತು. ಪಳಗಿದವರು ಎಡಗೈ ಮುಟ್ಟದೆ ಗೇರು ಹಾಕುತ್ತಿದ್ದರು. ಕಾಕಾ ಒಂದು ಕೈಯಲ್ಲಿ ಚೀಲ ಹಿಡಿದು ಹಾಗೆ ಓಡಿಸುತ್ತಿದ್ದುದನ್ನು ನಾನು ಟ್ಯಾಂಕಿನ ಮೇಲೆ ಕೂತು ನೋಡಿದ್ದೇನೆ.

ಜೆಕ್ ಕಂಪನಿಯ ಜತೆಗಿನ ಒಪ್ಪಂದ ಮುಗಿದ ಮೇಲೆ, 1973ರಲ್ಲಿ, ಮೈಸೂರಿನವರು ತಮ್ಮದೇ ಹೆಸರಿಟ್ಟುಕೊಂಡರು: ಯೆಜ್ಡಿ. ಇರಾನಿನ ಯಜ್ದ್ ಎಂಬ ಊರು, ಅಂದರೆ ಜರತುಷ್ಟ್ರ ಧರ್ಮದವರ ಹಳೆಯ ನೆಲೆ, ಈ ಹೆಸರಿನ ಮೂಲ ಎಂದು ಹೇಳುವವರುಂಟು. ಜಾವಾ ಎಂಬುದು ಪ್ರಾಗ್‌ನಿಂದ ಬಾಡಿಗೆಗೆ ತಂದ ಹೆಸರು; ಯೆಜ್ಡಿ ಮೈಸೂರಿನಲ್ಲೇ ಬೆಳೆದ ಹೆಸರು. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ. 1978ರಲ್ಲಿ ಬಂದ ರೋಡ್‌ಕಿಂಗ್ 16 ಅಶ್ವಶಕ್ತಿಯದು. ಮದರಾಸಿನ ಹತ್ತಿರದ ಶೋಲಾವರಂ ರೇಸುಗಳಲ್ಲಿ ಮೈಸೂರಿನ ಗಾಡಿಗಳದ್ದು ದೊಡ್ಡ ಹೆಸರು.

ಕಾಕಾ ಕೇಳಿದ ‘ಸಿಗ್ತದೇನ್ರೀ’ ಎಂಬ ಪ್ರಶ್ನೆ ಈ ಕಾಲದ್ದು. ಎಷ್ಟು ಗಾಡಿ ಮಾಡಬೇಕು ಎಂಬುದಕ್ಕೂ ಲೈಸೆನ್ಸು ಬೇಕಾಗಿದ್ದ ಕಾಲ. ಸ್ಕೂಟರುಗಳ ಕತೆ ಇನ್ನೂ ಕಷ್ಟದ್ದು. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಮಗಳ ಮದುವೆಗೆ ಅಳಿಯನಿಗೆ ಕೊಡಲೆಂದು ಮಗಳು ಹೈಸ್ಕೂಲಿನಲ್ಲಿದ್ದಾಗಲೇ ಬುಕ್ ಮಾಡಿದವರ ಕತೆಗಳನ್ನು ನೀವೂ ಕೇಳಿರಬಹುದು. ಹೈದರಾಬಾದಿನಲ್ಲಿ ಆಲ್ವಿನ್ ಹೆಸರಿನಲ್ಲಿ ಪುಷ್ಪಕ್ ಎಂಬ ಸ್ಕೂಟರ್ ಬಂದದ್ದೂ ಈ ಹಸಿವಿನಿಂದಲೇ. ಅಂಥ ಕಾಲದಲ್ಲಿ ಗಿರಾಕಿ ಆಯ್ಕೆ ಮಾಡುವುದಿಲ್ಲ, ಸಿಕ್ಕದ್ದನ್ನು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡ ಮೇಲೆ ಪ್ರೀತಿಸುತ್ತಾನೆ. ಕೆಟ್ಟರೆ ತಾನೇ ಬಿಚ್ಚಿ ನೋಡುತ್ತಾನೆ. ಕಾಕಾ ಭಾನುವಾರ ಪುತ್ಲಿಬೌಳಿಯ ಅಂಗಡಿಗಳಲ್ಲಿ ಸ್ಪೇರ್ ಹುಡುಕಿ, ಮನೆಯಂಗಳದಲ್ಲಿ ಹಳೆ ಪತ್ರಿಕೆ ಹಾಸಿ ಕಾರ್ಬೊರೇಟರ್ ಬಿಚ್ಚುತ್ತಿದ್ದರು. ಕಾಕಿ ಅದಕ್ಕೆ ‘ಗಾಡಿ ಪೂಜಿ’ ಎಂದು ಹೆಸರಿಟ್ಟಿದ್ದರು.

ಎಂಬತ್ತರ ದಶಕದಲ್ಲಿ ಪ್ರಶ್ನೆಯೇ ಬದಲಾಯಿತು. ಸರಕಾರ 100 ಸಿಸಿವರೆಗಿನ ಗಾಡಿಗಳಿಗೆ ವಿದೇಶಿ ಸಹಭಾಗಿತ್ವದ ಬಾಗಿಲು ತೆರೆಯಿತು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100, ಮರುವರ್ಷ ಕವಾಸಾಕಿ ಬಜಾಜ್ ಬಂದವು. ಹೀರೋ ಹೋಂಡಾ ಲೀಟರಿಗೆ 80 ಕಿಲೋಮೀಟರ್ ಎಂದು ಸಾರಿತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ನೋಡಿ ನೋಡಿ ಬಸವಳಿದಿದ್ದ ಮಧ್ಯಮವರ್ಗಕ್ಕೆ ಆ ಅಂಕಿ ಮಂತ್ರದಂತೆ ಕೇಳಿಸಿತು. ‘ಸಿಗುತ್ತದೆಯೇ’ ಹೋಗಿ ‘ಎಷ್ಟು ಕೊಡುತ್ತದೆ’ ಬಂದಿತು.

ಯೆಜ್ಡಿಗೆ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜತೆಗೇ ಆಯಿಲ್ ಉರಿಯುತ್ತದೆ, ಮತ್ತು ಹೊಸ ಗಾಳಿ-ಪೆಟ್ರೋಲಿನ ಒಂದಂಶ ಉರಿಯದೆಯೇ ಸೈಲೆನ್ಸರಿನಿಂದ ಹೊರಹೋಗುತ್ತದೆ. ಆ ನೀಲಿ ಹೊಗೆ, ಆ ಪಟಪಟ ಸದ್ದು, ಆ ವಾಸನೆ ಎಲ್ಲ ಅದರಿಂದಲೇ. 250 ಸಿಸಿಯಲ್ಲಿ ಅದು ಜೇಬಿಗೆ ಭಾರ. ದೇಶದಲ್ಲಿ 1991ರಲ್ಲಿ ಹೊಗೆಯ ಮಿತಿ ಬಂದಿತು, 1996ರಲ್ಲಿ ಇನ್ನೂ ಬಿಗಿಯಾಯಿತು. ಮೈಸೂರಿನ ಕಾರ್ಖಾನೆಯ ಮೂಲ ಎಂಜಿನ್ನು ಮಾತ್ರ ಐವತ್ತರ ದಶಕದ ಜೆಕ್ ವಿನ್ಯಾಸದಿಂದ ಬಹಳ ದೂರ ಸರಿದಿರಲಿಲ್ಲ. ಬೇಡಿಕೆ ಇದ್ದಾಗ ಬದಲಾಗುವ ಅಗತ್ಯ ಕಾಣಲಿಲ್ಲ. ಅಗತ್ಯ ಕಂಡಾಗ ಬದಲಾಗಲು ಹಣವಿರಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2001ರಲ್ಲಿ ಕಂಪನಿ ಸಮಾಪನೆಗೆ ಹೋಯಿತು.

ಹಳೆಯ ಗಾಡಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ 2018ಕ್ಕೆ ಹಾರುತ್ತಾರೆ. ನಡುವೆ ಇಪ್ಪತ್ತೆರಡು ವರ್ಷ ಇದೆ. ಆ ವರ್ಷಗಳಲ್ಲಿ ಎರಡು ಕೆಲಸ ನಡೆದವು. ಒಂದು, ದೇಶದ ಊರೂರಿನ ಮೆಕ್ಯಾನಿಕ್‌ಗಳು ಮತ್ತು ಹುಚ್ಚು ಅಭಿಮಾನಿಗಳು ಈ ಗಾಡಿಗಳನ್ನು ಬದುಕಿಸಿಟ್ಟರು. ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು, ಮೈಸೂರು, ಹೈದರಾಬಾದಿನಂಥ ಊರುಗಳಲ್ಲಿ ಜಾವಾ-ಯೆಜ್ಡಿ ಸವಾರರು ಒಟ್ಟಾಗಿ ಸೇರುತ್ತಾರೆ. ಇನ್ನೊಂದು, ಕಾರ್ಖಾನೆಯಲ್ಲಿ ದುಡಿದವರು ತಮ್ಮ ಬಾಕಿಗಾಗಿ ಕೋರ್ಟು ಕಚೇರಿ ಅಲೆದರು. ಮೊದಲನೆಯದರ ಫೋಟೋಗಳು ಬೇಕಾದಷ್ಟು ಸಿಗುತ್ತವೆ.

ಕಂಪನಿಯೊಂದು ಸಮಾಪನೆಗೆ ಹೋದಾಗ ಅದರ ಆಸ್ತಿಯನ್ನೆಲ್ಲ ಸರಕಾರಿ ಲಿಕ್ವಿಡೇಟರ್ ವಶಕ್ಕೆ ತೆಗೆದುಕೊಂಡು ಮಾರಿ ಸಾಲಗಾರರಿಗೆ ಹಂಚಬೇಕು. 1956ರ ಕಂಪನಿ ಕಾಯ್ದೆಗೆ 1985ರಲ್ಲಿ ಸೇರಿಸಿದ ಒಂದು ಕಲಮಿನ ಪ್ರಕಾರ, ಕಾರ್ಮಿಕರ ಬಾಕಿಯೂ ಅಡಮಾನ ಇಟ್ಟುಕೊಂಡ ಬ್ಯಾಂಕಿನ ಬಾಕಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಯಂತ್ರ, ಜಮೀನು, ಕಟ್ಟಡ ಆಸ್ತಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹೆಸರು? ಟ್ಯಾಂಕಿನ ಮೇಲೆ ಬರೆದ ‘ಯೆಜ್ಡಿ’ ಎಂಬ ಹೆಸರು ಯಾರ ಆಸ್ತಿ?

ಮಹೀಂದ್ರಾ ದೊಡ್ಡ ಪಾಲು ಹೊಂದಿರುವ, ಇರಾನಿ ಕುಟುಂಬದ ಬೋಮನ್ ಇರಾನಿಯವರೂ ಪಾಲುದಾರರಾಗಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರಿನಲ್ಲಿ ಜಾವಾವನ್ನು, 2022ರ ಜನವರಿಯಲ್ಲಿ ಯೆಜ್ಡಿಯನ್ನು ಮರಳಿ ತಂದಾಗ ಈ ಪ್ರಶ್ನೆಗೆ ಬೆಲೆ ಬಂದಿತು. 2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಯೆಜ್ಡಿ ಎಂಬ ಟ್ರೇಡ್‌ಮಾರ್ಕ್ ಸಮಾಪನೆಯಲ್ಲಿರುವ ಐಡಿಯಲ್ ಜಾವಾ ಕಂಪನಿಗೇ ಸೇರಿದ್ದು ಎಂದು ಹೇಳಿತು. ತೀರ್ಪು ಮೇಲ್ಮನವಿಗೆ ಹೋಯಿತು. ನಾನು ಗಾಡಿ ನೋಡಲು ಹೊರಟಾಗ ಅದು ಇನ್ನೂ ನಡೆಯುತ್ತಿತ್ತು. ಕಾನೂನಿನ ವಾದ ಎರಡೂ ಕಡೆ ಗಟ್ಟಿಯಾಗಿರಬಹುದು. ಅದನ್ನು ತೀರ್ಮಾನಿಸಬೇಕಾದವನು ನಾನಲ್ಲ. ನನ್ನ ಮುಂದಿದ್ದ ಪ್ರಶ್ನೆ ಸಣ್ಣದು. ಕಾಕಾನ ಗಾಡಿಯ ನೆನಪಿಗೆ ಎರಡು ಲಕ್ಷಕ್ಕೂ ಮೇಲೆ ಕೊಡಲು ಹೊರಟವನು, ಆ ನೆನಪನ್ನು ಕೈಯಾರೆ ತಯಾರು ಮಾಡಿದವರ ಬಾಕಿಯ ಬಗ್ಗೆ ಯೋಚಿಸದೆ ಇರಬಹುದೇ?

ಶೋರೂಮಿನ ಹುಡುಗನ ಮೂರು ಆಯ್ಕೆಗಳಲ್ಲಿ ನನ್ನದು ಇರಲಿಲ್ಲ ಎಂದು ಆಗ ಗೊತ್ತಾಯಿತು. ನಾನು ಕೊಳ್ಳಲು ಹೋಗಿದ್ದು ಹೆಸರನ್ನು. ನಮ್ಮ ಕಾಲದ ಪ್ರಶ್ನೆ ‘ಸಿಗುತ್ತದೆಯೇ’ ಅಲ್ಲ, ‘ಎಷ್ಟು ಕೊಡುತ್ತದೆ’ಯೂ ಅಲ್ಲ, ‘ಇದು ಯಾವುದನ್ನು ನೆನಪಿಸುತ್ತದೆ’ ಎಂಬುದು. ಬುಲೆಟ್ಟಿನ ಅಂಗಡಿಗೆ ಹೋದರೂ ಅದೇ.

ಮೂರು ವಾರ ತೆಗೆದುಕೊಂಡೆ. ನಾಲ್ಕು ಗಾಡಿ ಓಡಿಸಿ ನೋಡಿದೆ. ಹೆಂಡತಿ ಹಾಕಿದ ಷರತ್ತು ಎರಡು: ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂತು ನೋಡದೆ ದುಡ್ಡು ಕಟ್ಟಬಾರದು, ಎಬಿಎಸ್ ಇಲ್ಲದ ಗಾಡಿ ಬೇಡ. ನನ್ನ ಷರತ್ತುಗಳು ಮೂರು: ನಿಂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಗಾಡಿ ಆಫ್ ಮಾಡಿ ನಾನೊಬ್ಬನೇ ಹಿಂದಕ್ಕೆ ತಳ್ಳುವಂತಿರಬೇಕು, ಸರ್ವಿಸಿಗೆ ಊರಿನ ಆ ತುದಿಗೆ ಹೋಗುವಂತಿರಬಾರದು. ಐವತ್ತು ದಾಟಿದವರಿಗೆ ಅಶ್ವಶಕ್ತಿಗಿಂತ ಇವು ಮುಖ್ಯ. ಹೊಸ ಗಾಡಿ ಕೊಳ್ಳುವ ಯಾರಿಗಾದರೂ ನಾನು ಹೇಳುವುದು ಇಷ್ಟೇ: ಅಂಕಿ-ಅಂಶದ ಪಟ್ಟಿಯನ್ನು ಮನೆಯಲ್ಲಿ ಓದಿ, ಶೋರೂಮಿನಲ್ಲಿ ಗಾಡಿಯನ್ನು ತಳ್ಳಿ ನೋಡಿ.

ಕೊನೆಗೆ ಮನೆಗೆ ಬಂದದ್ದು ಕಡುಗೆಂಪು ಬಣ್ಣದ ಜಾವಾ 350. ವಿವಾದವಿರುವುದು ಯೆಜ್ಡಿ ಎಂಬ ಹೆಸರಿನ ಮೇಲೆ, ಜಾವಾ ಹೆಸರು ಪ್ರಾಗ್‌ನದು, ಹಾಗಾಗಿ ಇದರಲ್ಲಿ ದೋಷವಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡನ್ನೂ ಮಾಡುವುದು ಒಂದೇ ಕಂಪನಿ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ನಂಬರ್ ಪ್ಲೇಟಿನ ಮೇಲೆ ಟಿಜಿ ಎಂದು ಬಂದಿತು. ಕಾಕಾನ ಗಾಡಿಯದು ಆಂಧ್ರದ ನಂಬರು, 2014ರಿಂದ ಹತ್ತು ವರ್ಷ ಟಿಎಸ್, 2024ರ ಮಾರ್ಚಿನಿಂದ ಟಿಜಿ. ಊರು ಅಲ್ಲೇ ಇದ್ದರೂ ಪ್ಲೇಟು ಬದಲಾಗುತ್ತ ಹೋಯಿತು.

ಮೊದಲ ದೂರದ ಸವಾರಿ ಬೀದರಿಗೆ, ಜೂನಿನ ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ. ಮಿಯಾಪುರ, ಪಟಾನ್‌ಚೆರು ದಾಟುವವರೆಗೆ ಗಾಡಿಯ ಭಾರ ಗೊತ್ತಾಗುತ್ತಲೇ ಇತ್ತು. ಲಾರಿಗಳ ನಡುವೆ ನಿಧಾನಕ್ಕೆ ಹೋಗುವಾಗ ಅದು ಗಾಡಿಯಂತಲ್ಲ, ಎಮ್ಮೆಯಂತೆ ತನ್ನ ಗತಿಯಲ್ಲೇ ತಿರುಗುತ್ತದೆ. ಸಂಗಾರೆಡ್ಡಿ ಬಿಟ್ಟ ಮೇಲೆ ರಸ್ತೆ ತೆರೆಯಿತು, ಅದೇ ಭಾರ ಭರವಸೆಯಾಯಿತು. ಪಕ್ಕದಲ್ಲಿ ಬಸ್ಸು ಹಾದುಹೋದರೂ ಹ್ಯಾಂಡಲ್ ಅಲುಗುವುದಿಲ್ಲ. 334 ಸಿಸಿ ಎಂಜಿನ್ನು ಕೆಳಗಿನ ವೇಗದಲ್ಲೇ ಎಳೆಯುತ್ತದೆ. ನಲವತ್ತರಲ್ಲಿ ನಾಲ್ಕನೇ ಗೇರಿನಲ್ಲಿದ್ದರೂ ಗೊಣಗುವುದಿಲ್ಲ. ಆರು ಗೇರು ಇವೆ. ನಾಲ್ಕಕ್ಕೆ ಪಳಗಿದ ನನ್ನ ಎಡಗಾಲಿಗೆ ಕೊನೆಯ ಎರಡು ಇರುವುದೇ ಮರೆಯುತ್ತಿತ್ತು. ಕ್ಲಚ್ಚು ಎಷ್ಟು ಹಗುರವೆಂದರೆ ಎರಡು ಬೆರಳು ಸಾಕು. ಹೊಸ ಎಂಜಿನ್ನಾದ್ದರಿಂದ ಅರವತ್ತೈದು, ಎಪ್ಪತ್ತರ ಮೇಲೆ ಹೋಗಲಿಲ್ಲ. ಒಂದೇ ವೇಗ ಹಿಡಿಯದೆ ಏರಿಸುತ್ತ ಇಳಿಸುತ್ತ ಪಳಗಿಸಿದೆ. ಇದು ಕಾಕಾ ಕಲಿಸಿದ್ದು.

ಸದ್ದು ಮಾತ್ರ ಬೇರೆ. ಸೈಲೆನ್ಸರುಗಳು ಎರಡಿದ್ದರೂ ಇದು ಫೋರ್-ಸ್ಟ್ರೋಕು, ನೀರಿನಿಂದ ತಣಿಯುವ ಎಂಜಿನ್ನು, ಹೊಗೆಯೇ ಕಾಣುವುದಿಲ್ಲ. ಕಿಕ್ಕರಿಲ್ಲ, ಬಟನ್ನು ಒತ್ತಿದರೆ ಆಯಿತು. ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೊಗೆಯನ್ನು ಕಳಕೊಂಡದ್ದಕ್ಕೆ ದುಃಖಪಡುವುದು ತಪ್ಪು ಎಂದು ನನಗೆ ಗೊತ್ತು. ಹೈದರಾಬಾದಿನ ಗಾಳಿ ಉಸಿರಾಡುವವನಿಗೆ ಅದು ಒಳ್ಳೆಯದೇ. ಆದರೂ ಜಹೀರಾಬಾದಿನಲ್ಲಿ ಚಹಾ ಕುಡಿಯಲು ನಿಂತಾಗ ಆ ವಾಸನೆಗಾಗಿ ಒಮ್ಮೆ ಮೂಗು ಹುಡುಕಿತು. ಈ ಜಹೀರಾಬಾದಿನಲ್ಲೇ ಹಿಂದೆ ಹೈದರಾಬಾದಿನ ಆಲ್ವಿನ್ ಕಂಪನಿ ನಿಸಾನ್ ಜತೆ ಸೇರಿ ಲಘು ಟ್ರಕ್ಕು ಮಾಡುತ್ತಿತ್ತು. 1942ರಲ್ಲಿ ನಿಜಾಮರ ಕಾಲದಲ್ಲಿ ಹುಟ್ಟಿ, ಬಸ್ಸಿನ ಬಾಡಿ, ಫ್ರಿಜ್ಜು, ಗಡಿಯಾರ ಎಲ್ಲ ಮಾಡಿದ ಆಲ್ವಿನ್ನೂ ತೊಂಬತ್ತರ ದಶಕದಲ್ಲಿ ಚೂರುಚೂರಾಗಿ ಕೈ ಬದಲಾಯಿಸಿತು. ಟ್ರಕ್ಕಿನ ಘಟಕ ಅದಕ್ಕೂ ಮೊದಲೇ ಮಹೀಂದ್ರಾಕ್ಕೆ ಹೋಗಿತ್ತು. ಈಗ ಅದೇ ಊರಿನಲ್ಲಿ ಅವರ ಟ್ರಾಕ್ಟರ್ ಕಾರ್ಖಾನೆ ಇದೆ. ಮೈಸೂರಿನ ಕತೆಯೂ ಹೈದರಾಬಾದಿನ ಕತೆಯೂ ಒಂದೇ ರಸ್ತೆಯಲ್ಲಿ ಸೇರುತ್ತವೆ.

ಬೀದರಿಗೆ ಮುಟ್ಟಿದಾಗ ಒಂಬತ್ತಾಗಿತ್ತು. ಕಾಕಾ ಕೋಲೂರಿಕೊಂಡು ಅಂಗಳಕ್ಕೆ ಬಂದರು. ಸುತ್ತ ಒಂದು ಸಲ ನಡೆದರು. ಬಗ್ಗಿ ಎಡಗಡೆ ನೋಡಿದರು. ಅವರು ಹುಡುಕಿದ ಲಿವರ್ ಇರಲಿಲ್ಲ. ಟ್ಯಾಂಕಿನ ಮೇಲೆ ಕೈ ಆಡಿಸಿದರು.

‘ಚಲೋ ಅದ. ಎಲ್ಲಿ ಮಾಡ್ತಾರ?’

‘ಪೀತಂಪುರದಾಗ, ಕಾಕಾ. ಇಂದೂರ ಹತ್ತಿರ.’

‘ಮೈಸೂರದಾಗ ಮಾಡಿದವರಿಗೆ ಏನರ ಸಿಕ್ತೇನು?’

ಕೋರ್ಟಿನಲ್ಲಿದೆ ಎಂದು ಹೇಳಿದೆ. ಅವರು ತಲೆಯಾಡಿಸಿ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸೀಟನ್ನು ತೋರಿಸಿ, ‘ಎತ್ತಿ ಕೂಡಸು, ಕೋಟೀ ತನಕ ಹೋಗಿ ಬರೂಣು’ ಅಂದರು. ಕಾಕಿ ಬೇಡವೆಂದು ಕೂಗುತ್ತಿದ್ದಂತೆ ನಾವು ಹೊರಟೆವು. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಒಂದೇ ಸಲ, ನಾನು ಮೂರನೇ ಗೇರಿನಲ್ಲೇ ಹೋಗುತ್ತಿದ್ದಾಗ: ‘ತಮ್ಮಾ, ಗೇರ ಬದಲಾಸು. ಎಂಜಿನ್ ಒದರ್ಲಿಕತ್ತದ.’